ದುರ್ಯೋಧನನಿಗೆ ಶ್ರುತಿ ಹಿಡಿಸುವ ಮೇಷ್ಟ್ರು

ಸುಗ್ಗಿ ಮುಗಿದು ಕಣ ಖಾಲಿಯಾಯಿತೆಂದರೆ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಸೀಮೆಯ ಹಳ್ಳಿಗಳಲ್ಲಿ ‘ಕುರುಕ್ಷೇತ್ರ’ದ ತಾಲೀಮು ಶುರುವಾಗುತ್ತದೆ. ದೇವಸ್ಥಾನದ ಜಗಲಿಯೋ ಶಾಲೆಯ ಕೊಠಡಿಯೋ ಸಿಕ್ಕರೆ ಸಾಕು. ಒಂದು ಹಾರ್ಮೋನಿಯಂ, ಒಂದು ತಬಲ. ಹಗಲೆಲ್ಲ ಹೊಲದಲ್ಲೋ ಅಂಗಡಿಯಲ್ಲೋ ದುಡಿದವರು ಉಂಡು ಬಂದು ಕೂರುತ್ತಾರೆ. ಇವರ ಗಂಟಲನ್ನು ರಾತ್ರಿಯಿಡೀ ನಡೆಯುವ ನಾಟಕಕ್ಕೆ ಸಜ್ಜು ಮಾಡುವ ಹೊಣೆ ಹಾರ್ಮೋನಿಯಂ ಮೇಷ್ಟ್ರದು.

ನಟರಿಗೆ ಕಂಠಶಿಕ್ಷಣ ಎಂದರೆ ನೀನಾಸಂ, ರಂಗಾಯಣಗಳ ಹೆಸರು ಮೊದಲು ಬರುತ್ತದೆ. ಹೆಗ್ಗೋಡಿನಲ್ಲಿ ನೀನಾಸಂನ ರಂಗಶಿಕ್ಷಣ ಕೇಂದ್ರ ಶುರುವಾದದ್ದು 1980ರಲ್ಲಿ. ಅದಕ್ಕೂ ಮುಂಚಿನಿಂದ ಹಳ್ಳಿಗಳಲ್ಲಿ ಈ ಪಾಠ ಹೇಳುತ್ತಾ ಬಂದವರು ಹಾರ್ಮೋನಿಯಂ ಮೇಷ್ಟ್ರುಗಳು. ಅವರನ್ನು ಬರೀ ಪಕ್ಕವಾದ್ಯದವರೆಂದು ಎಣಿಸುವುದು ಅನ್ಯಾಯ.

ಮೊದಲ ಕೆಲಸ ಶ್ರುತಿ ಗೊತ್ತುಮಾಡುವುದು. ಗುಬ್ಬಿ ವೀರಣ್ಣನವರಂಥವರ ನಾಟಕ ಕಂಪನಿಗಳ ಆರಂಭದ ದಿನಗಳಲ್ಲಿ ಮೈಕಿರಲಿಲ್ಲ. ಹಿಂದಿನ ಸಾಲಿನವರಿಗೂ ಕೇಳಬೇಕೆಂದು ನಟರು ಎತ್ತರದ ಶ್ರುತಿಯಲ್ಲಿ ಹಾಡುತ್ತಿದ್ದರು. ಈಗ ರಂಗದ ಮೇಲೆ ಸಾಲಾಗಿ ಮೈಕು ತೂಗುಬಿಟ್ಟರೂ ಎತ್ತರದ ಶ್ರುತಿಯ ವ್ಯಾಮೋಹ ಹೋಗಿಲ್ಲ. ಬಲ್ಲ ಮೇಷ್ಟ್ರು ಪಾತ್ರಧಾರಿಯನ್ನು ಸುಮ್ಮನೆ ಮಾತಾಡಿಸಿ, ಹಾರ್ಮೋನಿಯಂನ ಒಂದೊಂದೇ ಮನೆ ಒತ್ತುತ್ತಾ ಅವನ ದನಿ ಆರಾಮಾಗಿ ನಿಲ್ಲುವ ಕಡೆ ಬೆರಳು ನಿಲ್ಲಿಸುತ್ತಾರೆ. ಆ ಸಹನೆ ಇಲ್ಲದ ಕಡೆ ಎಲ್ಲರಿಗೂ ಒಂದೇ ಶ್ರುತಿ; ಯುದ್ಧದ ಸೀನಿನ ಹೊತ್ತಿಗೆ ಭೀಮನ ಗಂಟಲು ಕಟ್ಟಿರುತ್ತದೆ.

ನನಗೆ ಬಹಳ ಹಿಡಿಸುವುದು ಉಚ್ಚಾರದ ಪಾಠ. ನಮ್ಮ ಕಡೆ ಆಡುಮಾತಿನಲ್ಲಿ ಹಾಸನ ‘ಆಸ್ನ’, ಹೊಳೆ ‘ಒಳೆ’. ಮಾತಿಗದು ಚೆಂದವೇ. ಆದರೆ ನಾಟಕದಲ್ಲಿ ಹಸ್ತಿನಾವತಿ, ಭೀಷ್ಮ, ಧರ್ಮರಾಯ, ದುರ್ಯೋಧನ ಎಲ್ಲರೂ ಉಸಿರು ಬೇಡುವವರೇ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ‘ಬ’ ಅಂದು, ಆಮೇಲೆ ‘ಭ’ ಅನ್ನಿ. ಎರಡನೆಯದಕ್ಕೆ ಗಾಳಿ ಅಂಗೈಗೆ ತಾಕಿದರೆ ಅಕ್ಷರ ಸರಿ. ಕಂದಪದ್ಯಕ್ಕೆ ಬಂದಾಗ ಇದೇ ಉಸಿರಿನ ಲೆಕ್ಕ ಕಷ್ಟವಾಗುತ್ತದೆ. ಪದ ಒಡೆಯದ ಹಾಗೆ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂದು ಮೇಷ್ಟ್ರು ಹಾಡಿ ತೋರಿಸುತ್ತಾರೆ. ಭುಜ ಮೇಲೇರಿದರೆ ಉಸಿರು ಎದೆಯಲ್ಲೇ ನಿಂತಿತು ಎಂದರ್ಥ, ಅದು ಹೊಟ್ಟೆಗಿಳಿಯಬೇಕು.

ಈ ನೆಲಕ್ಕೆ ಗಾಯನ ಹೊಸದಲ್ಲ. ಅರಕಲಗೂಡು ತಾಲ್ಲೂಕಿನ ರುದ್ರಪಟ್ಟಣ ಸಂಗೀತಗಾರರ ಊರು. 1920ರಲ್ಲಿ ಹುಟ್ಟಿದ ಗಾಯಕ ಆರ್.ಕೆ. ಶ್ರೀಕಂಠನ್ ಅಲ್ಲಿಯವರು, ತೊಂಬತ್ತು ದಾಟಿದ ಮೇಲೂ ಹಾಡಿದರು. ನಾಟಕದವನಿಗೆ ಅಂಥ ಬಾಲ್ಯದ ಸಾಧನೆ ಸಿಗುವುದಿಲ್ಲ. ಸಿಗುವುದು ಕೆಲವೇ ತಿಂಗಳು, ಅದೂ ದಣಿದ ಮೈಯಲ್ಲಿ. ಮೇಷ್ಟ್ರ ಕೆಲಸದ ಹಿರಿಮೆ ನನಗೆ ಕಾಣುವುದು ಇಲ್ಲಿಯೇ.

ಒಂದು ಕೊರತೆಯನ್ನು ಹೇಳಲೇಬೇಕು. ಗಂಟಲು ಕೆಟ್ಟರೆ ಕಲ್ಲುಸಕ್ಕರೆ, ಕಾಳುಮೆಣಸು, ಜ್ಯೇಷ್ಠಮಧು ಕೊಡುವುದು ವಾಡಿಕೆ. ನುಂಗಿದ್ದೆಲ್ಲ ಹೋಗುವುದು ಅನ್ನನಾಳಕ್ಕೆ. ಧ್ವನಿತಂತುಗಳಿರುವುದು ಶ್ವಾಸನಾಳದ ಬಾಯಲ್ಲಿ. ಗಂಟಲಿಗೆ ಹಿತವಾದೀತು, ಆದರೆ ಊದಿದ ತಂತುಗಳಿಗೆ ಬೇಕಾದದ್ದು ನೀರು ಮತ್ತು ಮೌನ. ಪಿಸುಗುಟ್ಟುವುದೂ ವಿಶ್ರಾಂತಿಯಲ್ಲ. ಕೆಲವು ವಾರವಾದರೂ ದನಿ ತಿಳಿಯಾಗದಿದ್ದರೆ ಕಿವಿ-ಮೂಗು-ಗಂಟಲು ವೈದ್ಯರಲ್ಲಿಗೆ ಹೋಗಬೇಕು. ನಾಟಕದ ಹಿಂದಿನ ದಿನ ದುರ್ಯೋಧನನಿಂದ ಪೂರ್ತಿ ದನಿಯಲ್ಲಿ ಒಂದು ಮಾತೂ ಆಡಿಸಬಾರದು. ಊರವರು ಎಷ್ಟೇ ಒತ್ತಾಯ ಮಾಡಲಿ, ಅದನ್ನು ತಡೆಯುವ ಅಧಿಕಾರ ಮೇಷ್ಟ್ರಿಗೆ ಇರಬೇಕು.