ಕಾಯಿಲೆಗೊಂದು ಸಂಕೇತ, ಸಂಕೇತಕ್ಕೊಂದು ಬೆಲೆ

ನಮ್ಮ ರೈತ ಕುಟುಂಬಗಳ ಕೆಲವು ಮಕ್ಕಳು ಬೆಂಗಳೂರು, ಚೆನ್ನೈಗಳಲ್ಲಿ ‘ಮೆಡಿಕಲ್ ಕೋಡಿಂಗ್’ ಕೆಲಸದಲ್ಲಿದ್ದಾರೆ. ಅದೇನು ಕೆಲಸವೆಂದು ಮನೆಯ ಹಿರಿಯರನ್ನು ಕೇಳಿದರೆ ‘ಏನೋ ಕಂಪ್ಯೂಟರ್ ಕೆಲಸ’ ಎನ್ನುತ್ತಾರೆ. ಅಮೆರಿಕದ ವೈದ್ಯರು ತಮ್ಮ ರೋಗಿಯ ಬಗ್ಗೆ ಬರೆದಿಟ್ಟದ್ದನ್ನು ಓದಿ, ಒಂದೊಂದು ಕಾಯಿಲೆಗೂ ಗೊತ್ತುಪಡಿಸಿದ ಸಂಕೇತವನ್ನು ಹಾಕುವುದೇ ಆ ಕೆಲಸ. ಆ ಸಂಕೇತದ ಹಿಂದೆ ದೊಡ್ಡ ಹಣದ ಲೆಕ್ಕವಿದೆ.

ಅಮೆರಿಕದಲ್ಲಿ 65 ವರ್ಷ ತುಂಬಿದವರಿಗೆ ಮೆಡಿಕೇರ್ ಎಂಬ ಸರಕಾರಿ ವಿಮೆ ಇದೆ. 1965ರ ಕಾಯಿದೆ ಅದು. ಈಗ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಅದನ್ನು ಖಾಸಗಿ ಕಂಪನಿಗಳ ಮೂಲಕ ಪಡೆಯುತ್ತಾರೆ. ಸರಕಾರ ಕಂಪನಿಗೆ ತಲೆಗಿಷ್ಟು ಎಂದು ತಿಂಗಳು ತಿಂಗಳು ಹಣ ಕೊಡುತ್ತದೆ. ಎಲ್ಲರಿಗೂ ಒಂದೇ ಮೊತ್ತವಾದರೆ ಕಂಪನಿ ಗಟ್ಟಿಮುಟ್ಟಾದವರನ್ನೇ ಹುಡುಕಿ ಸೇರಿಸಿಕೊಂಡೀತು, ಕಾಯಿಲೆಯವರನ್ನು ದೂರವಿಟ್ಟೀತು. ಆದ್ದರಿಂದ ಕಾಯಿಲೆ ಹೆಚ್ಚಿದ್ದವರಿಗೆ ಹೆಚ್ಚು ಹಣ ಎಂಬ ಲೆಕ್ಕ ಬಂತು. ಸಂಕೇತಗಳನ್ನು ಗುಂಪು ಮಾಡಿ ಗುಂಪಿಗೊಂದು ಅಂಕ ಕೊಡುವ ಈಗಿನ ಪದ್ಧತಿ 2004ರಿಂದ ನಡೆದಿದೆ. ಉದ್ದೇಶ ನ್ಯಾಯವಾದದ್ದೇ.

ಆದರೆ ಸಕ್ಕರೆ ಕಾಯಿಲೆಯನ್ನೇ ನೋಡೋಣ. ಬೇರೆ ತೊಡಕಿಲ್ಲದಿದ್ದರೆ ಅದರ ಸಂಕೇತ ಇ11.9, ಅದರಿಂದ ಕಿಡ್ನಿ ಕೆಟ್ಟಿದ್ದರೆ ಇ11.22. ಹಳೆಯ ಲೆಕ್ಕದಲ್ಲಿ ಎರಡನೆಯದರ ಅಂಕ ಮೊದಲನೆಯದರ ಹತ್ತಿರಹತ್ತಿರ ಮೂರರಷ್ಟಿತ್ತು. ಹೀಗಾದಾಗ ತೊಡಕನ್ನು ಹುಡುಕಿ ಬರೆಯುವ ಆಸೆ ಯಾರಿಗೆ ಬಾರದು? 2024ರಿಂದ ಹಂತಹಂತವಾಗಿ ಬಂದು 2026ರಲ್ಲಿ ಪೂರ್ತಿ ಜಾರಿಯಾದ ಹೊಸ ಲೆಕ್ಕದಲ್ಲಿ ಈ ಎರಡಕ್ಕೂ ಒಂದೇ ಅಂಕ. ಇನ್ನೊಂದು ವಿಚಿತ್ರವೂ ಇದೆ. ಅಡಂಗಲ್‌ನಲ್ಲಿ ಪ್ರತಿ ಫಸಲಿಗೂ ಬೆಳೆ ಬರೆಸುವಂತೆ ಅಲ್ಲಿ ವರ್ಷವರ್ಷವೂ ಕಾಯಿಲೆಯನ್ನು ಹೊಸದಾಗಿ ಬರೆಯಬೇಕು. ಕಾಲು ಕತ್ತರಿಸಿದವರಿಗೂ ಅಷ್ಟೇ, ಮರುವರ್ಷ ಕಾಲು ಚಿಗುರಿ ಬಂದೀತೇನೋ ಎಂಬಂತೆ!

ವೈದ್ಯರು ರೋಗಿಯನ್ನು ನೋಡಿ ಬರೆದ ಕಾಯಿಲೆಗೆ ಮಾತ್ರ ಸಂಕೇತ ಹಾಕಬೇಕೆಂಬುದು ನಿಯಮ. ಸಕ್ಕರೆ ಮಾತ್ರೆಯ ಹೆಸರು ಕಂಡಿತೆಂದು ಕೋಡಿಂಗ್‌ನವರು ಕಾಯಿಲೆಯನ್ನು ಊಹಿಸಿ ಬರೆಯುವಂತಿಲ್ಲ. ಆದರೂ ಆಧಾರವಿಲ್ಲದ ಸಂಕೇತಗಳನ್ನು ಸಲ್ಲಿಸಿದ ಆರೋಪದ ಮೇಲೆ ಸಿಗ್ನಾ ಎಂಬ ಕಂಪನಿ 2023ರಲ್ಲಿ 17 ಕೋಟಿ 20 ಲಕ್ಷ ಡಾಲರಿಗೂ ಹೆಚ್ಚು ಹಣ ಕಟ್ಟಿ ಸರಕಾರದೊಂದಿಗೆ ರಾಜಿಯಾಯಿತು. ಚಿಕಿತ್ಸೆಯಿಲ್ಲದೆ ಕಾಗದದಲ್ಲಿ ಮಾತ್ರ ಇರುವ ಕಾಯಿಲೆಗೆ ಹಣ ಕೊಡುವವರು ಜನರೇ ತಾನೆ.

ನಮ್ಮ ದೇಶದ ಆಯುಷ್ಮಾನ್ ಭಾರತ್‌ನಂಥ ಯೋಜನೆಗಳಲ್ಲಿ ಈ ಅಂಕದ ಲೆಕ್ಕವಿಲ್ಲ. ಇಂಥ ಚಿಕಿತ್ಸೆಗೆ ಇಷ್ಟು ಎಂದು ಆಸ್ಪತ್ರೆಗೆ ಹಣ ಹೋಗುತ್ತದೆ. ಆದರೆ ಖಾಸಗಿ ಪಾಲಿಸಿ ಮಾಡಿಸಿದವರಿಗೆ ಇಲ್ಲಿಯೂ ವೈದ್ಯರು ಬರೆದ ಒಂದು ಸಾಲು ಮುಖ್ಯ. ಮೊದಲೇ ಇದ್ದ ಕಾಯಿಲೆಗೆ ಕಂಪನಿ ಕಾಯಿಸಬಹುದಾದ ಅವಧಿ 2024ರಿಂದ ಹೆಚ್ಚೆಂದರೆ 36 ತಿಂಗಳು. ಪಾಲಿಸಿ ಮಾಡಿಸುವಾಗ ಕಾಯಿಲೆಯನ್ನು ಮುಚ್ಚಿಟ್ಟರೆ ಮುಂದೆ ಕ್ಲೇಮ್ ತಿರಸ್ಕಾರವಾಗಬಹುದು. ಆಸ್ಪತ್ರೆಯಲ್ಲಿ ‘ಎಷ್ಟು ವರ್ಷದಿಂದ ಸಕ್ಕರೆ?’ ಎಂದು ಕೇಳಿದಾಗ ಜೊತೆಗೆ ಹೋದವರು ಬಾಯಿಗೆ ಬಂದಂತೆ ‘ಹತ್ತು ವರ್ಷ’ ಎಂದುಬಿಡುತ್ತಾರೆ. ನಿಜವಾಗಿ ಮೂರೇ ವರ್ಷವಾಗಿರುತ್ತದೆ. ಬರೆದದ್ದು ಹತ್ತೇ. ಮೊದಲ ಸಲ ರಕ್ತ ಪರೀಕ್ಷೆ ಮಾಡಿಸಿದ ಚೀಟಿಯನ್ನು ಜೋಪಾನವಾಗಿಟ್ಟು ಅದನ್ನೇ ತೋರಿಸೋಣ. ಆಸ್ಪತ್ರೆ ಬಿಡುವ ಮೊದಲು ಡಿಸ್ಚಾರ್ಜ್ ಚೀಟಿಯನ್ನು ಓದಿಸಿ ಕೇಳೋಣ. ತಪ್ಪಿದ್ದರೆ ವೈದ್ಯರಿಂದ ಅಲ್ಲೇ ತಿದ್ದಿಸಬೇಕು. ಕ್ಲೇಮ್ ತಿರಸ್ಕಾರವಾದ ಮೇಲೆ ತಿದ್ದಿಸಿ ತಂದ ಕಾಗದವನ್ನು ಕಂಪನಿಯವರು ಸುಲಭವಾಗಿ ನಂಬುವುದಿಲ್ಲ.