ಸೆಲ್ ಮುಗಿಯಿತೇ? ಒಮ್ಮೆ ಲೆಕ್ಕ ಹಾಕಿ ನೋಡಿ

ಮಳೆಗಾಲದ ಒಂದು ರಾತ್ರಿ. ಗಂಟೆ ಹನ್ನೊಂದು ದಾಟಿತ್ತು. ಮಲಗಿದ್ದ ಉಮ್ಮ ಎದ್ದು ಕುಳಿತು, ತಲೆ ಸುತ್ತುತ್ತಿದೆ ಎಂದರು. ನಾನು ಕಪಾಟಿನಲ್ಲಿದ್ದ ಬಿ.ಪಿ. ನೋಡುವ ಯಂತ್ರವನ್ನು ತೆಗೆದು, ಅವರ ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದೆ. ಪರದೆಯ ಮೇಲೆ ಏನೂ ಮೂಡಲಿಲ್ಲ. ಮತ್ತೊಮ್ಮೆ ಒತ್ತಿದೆ. ಇಲ್ಲ. ಒಳಗಿದ್ದ ನಾಲ್ಕು ಸೆಲ್‌ಗಳೂ ಸತ್ತಿದ್ದವು.

ಅವು ಹಳೆಯ ಸೆಲ್‌ಗಳೇನೂ ಆಗಿರಲಿಲ್ಲ. ಮೂರು ತಿಂಗಳ ಹಿಂದಷ್ಟೇ ನಾನೇ ತಂದಿದ್ದ ರೀಚಾರ್ಜೆಬಲ್ ಸೆಲ್‌ಗಳು. "ಇನ್ನು ಮುಂದೆ ಈ ಮನೆಯಲ್ಲಿ ಸೆಲ್‌ಗೆಂದು ದುಡ್ಡು ಸುರಿಯುವುದು ಬೇಡ" ಎಂದು ಹೆಮ್ಮೆಯಿಂದ ಹೇಳಿ, ಗೋಡೆ ಗಡಿಯಾರದಿಂದ ಹಿಡಿದು ಟಿ.ವಿ. ರಿಮೋಟ್‌ವರೆಗೆ ಎಲ್ಲದಕ್ಕೂ ಅವನ್ನೇ ಹಾಕಿದ್ದೆ. ಬಿ.ಪಿ. ಯಂತ್ರಕ್ಕೂ ಪೂರ್ತಿ ಚಾರ್ಜ್ ಮಾಡಿಯೇ ಹಾಕಿದ್ದು. ಆ ಮೂರು ತಿಂಗಳಲ್ಲಿ ಯಂತ್ರವನ್ನು ಬಳಸಿದ್ದು ಎರಡೋ ಮೂರೋ ಸಲ ಮಾತ್ರ. ಹಾಗಿದ್ದೂ ಅವು ಖಾಲಿಯಾಗಿದ್ದವು. ಕೊನೆಗೆ ಆ ಮಳೆಯಲ್ಲೇ ಪಕ್ಕದ ಮನೆಯ ಬಾಗಿಲು ತಟ್ಟಿ, ಅವರ ಮಗುವಿನ ಆಟಿಕೆಯಿಂದ ನಾಲ್ಕು ಸೆಲ್ ಬಿಚ್ಚಿ ತಂದೆವು. ಬಿ.ಪಿ. ಬಹಳ ಏರಿತ್ತು. ಆಸ್ಪತ್ರೆಗೆ ಕರೆದೊಯ್ದೆವು. ಬೆಳಗಾಗುವಷ್ಟರಲ್ಲಿ ಉಮ್ಮ ಸುಧಾರಿಸಿಕೊಂಡರು.

ಸಹೋದರಿಯರೇ, ಆ ರಾತ್ರಿ ನನಗೊಂದು ವಿಷಯ ಮನದಟ್ಟಾಯಿತು. ರೀಚಾರ್ಜೆಬಲ್ ಸೆಲ್ ಒಳ್ಳೆಯದೇ. ಆದರೆ ಎಲ್ಲ ಕಡೆಯೂ ಅಲ್ಲ. ಉಳಿತಾಯವೂ ಅರಿತು ಮಾಡಬೇಕಾದ ಕೆಲಸ. ಆಮೇಲೆ ನಾನು ಈ ಬಗ್ಗೆ ಓದಿ, ಕೇಳಿ, ನಮ್ಮ ಮನೆಯಲ್ಲೇ ಪರೀಕ್ಷಿಸಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ.

ಸೆಲ್‌ನ ಒಳಗೇನಿದೆ?

ನೀವು ಅಂಗಡಿಯಲ್ಲಿ "ಒಂದು ಜೊತೆ ಪೆನ್ಸಿಲ್ ಸೆಲ್ ಕೊಡಿ" ಎಂದು ಕೇಳಿದಾಗ ಅಂಗಡಿಯವನು ಹೆಚ್ಚಾಗಿ ಕೊಡುವುದು ಸತು ಮತ್ತು ಇಂಗಾಲದ ಸೆಲ್. ಇದರ ಮೂಲ ರೂಪವನ್ನು 1866ರಲ್ಲಿ ಫ್ರಾನ್ಸಿನ ಜಾರ್ಜ್ ಲೆಕ್ಲಾಂಶೆ ತಯಾರಿಸಿದ. ಅದು ಗಾಜಿನ ಪಾತ್ರೆಯಲ್ಲಿ ದ್ರವ ತುಂಬಿದ ಸೆಲ್ ಆಗಿತ್ತು. 1886ರಲ್ಲಿ ಜರ್ಮನಿಯ ಕಾರ್ಲ್ ಗಾಸ್ನರ್ ಅದನ್ನು ಚೆಲ್ಲದಂತಹ ಒಣ ಸೆಲ್ ಆಗಿ ಮಾರ್ಪಡಿಸಿದ. ಇದರಲ್ಲಿ ಸತುವಿನ ಡಬ್ಬಿಯೇ ಇಂಧನ. ಸೆಲ್ ಕೆಲಸ ಮಾಡಿದಂತೆಲ್ಲಾ ಆ ಡಬ್ಬಿ ಒಳಗಿನಿಂದ ಸವೆಯುತ್ತಾ ಹೋಗುತ್ತದೆ. ಮುಗಿದ ಸೆಲ್‌ಗಳನ್ನು ರೇಡಿಯೋದಲ್ಲೋ ಟಾರ್ಚ್‌ನಲ್ಲೋ ಬಿಟ್ಟುಬಿಟ್ಟರೆ ಕೆಲವು ತಿಂಗಳಲ್ಲಿ ಅಂಟು ರಸ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುವುದು ಇದೇ ಕಾರಣದಿಂದ.

ನಮ್ಮ ಬಾಲ್ಯದಲ್ಲಿ ರೇಡಿಯೋ ದನಿ ಕುಗ್ಗಿದಾಗ ಸೆಲ್‌ಗಳನ್ನು ಬಿಚ್ಚಿ ಬಿಸಿಲಿಗಿಡುತ್ತಿದ್ದುದು ನಿಮಗೆ ನೆನಪಿರಬಹುದು. ಬಿಸಿಗೆ ಒಳಗಿನ ರಾಸಾಯನಿಕಗಳು ಸ್ವಲ್ಪ ಚುರುಕಾಗಿ ಇನ್ನೊಂದು ವಾರ್ತೆ ಕೇಳುವಷ್ಟು ಶಕ್ತಿ ಬರುತ್ತಿತ್ತು. ಅದು ಹೊಸ ಶಕ್ತಿಯಲ್ಲ, ಪಾತ್ರೆಯ ತಳ ಕೆರೆದು ಬಡಿಸಿದಂತೆ ಅಷ್ಟೇ.

ಇದಕ್ಕಿಂತ ತುಸು ದುಬಾರಿಯಾದದ್ದು ಆಲ್ಕಲೈನ್ ಸೆಲ್. ಇದರಲ್ಲಿ ಹೆಚ್ಚು ಶಕ್ತಿ ಇರುತ್ತದೆ. ಬಳಸದೆ ಇಟ್ಟರೂ ಹಲವು ವರ್ಷ ಕೆಡುವುದಿಲ್ಲ. ಆದರೆ ಇವೆರಡೂ ಒಂದು ಸಲ ಬಳಸಿ ಬಿಡುವಂತಹವು. ಇವನ್ನು ಎಂದಿಗೂ ಚಾರ್ಜರ್‌ಗೆ ಹಾಕಬಾರದು. ಹಾಕಿದರೆ ಸೋರಬಹುದು, ಸಿಡಿಯಲೂಬಹುದು.

ಮೂರನೆಯದು ರೀಚಾರ್ಜೆಬಲ್. ಪೆನ್ಸಿಲ್ ಸೆಲ್ ಗಾತ್ರದಲ್ಲಿ ಇಂದು ಸಾಮಾನ್ಯವಾಗಿ ಸಿಗುವುದು ನಿಕ್ಕೆಲ್ ಮೆಟಲ್ ಹೈಡ್ರೈಡ್ ಎಂಬ ಜಾತಿ. ಇದರಲ್ಲಿ ನಡೆಯುವ ರಾಸಾಯನಿಕ ಕ್ರಿಯೆಯನ್ನು ವಿದ್ಯುತ್ ಹರಿಸಿ ಹಿಂದಕ್ಕೆ ತಿರುಗಿಸಬಹುದು. ಹಾಗಾಗಿ ಒಂದೇ ಸೆಲ್ಲನ್ನು ನೂರಾರು ಸಲ ಚಾರ್ಜ್ ಮಾಡಿ ಬಳಸಲು ಸಾಧ್ಯ. ಬಿಸಾಡುವ ಸೆಲ್‌ನ ಮೇಲೆ 1.5 ವೋಲ್ಟ್ ಎಂದಿದ್ದರೆ ಇದರ ಮೇಲೆ 1.2 ವೋಲ್ಟ್ ಎಂದಿರುತ್ತದೆ. ಇದನ್ನು ನೋಡಿ ಇದರಲ್ಲಿ ಶಕ್ತಿ ಕಡಿಮೆ ಎಂದು ಹಲವರು ಭಾವಿಸುತ್ತಾರೆ. ಬಿಸಾಡುವ ಸೆಲ್ 1.5ರಲ್ಲಿ ಆರಂಭವಾದರೂ ಬಳಸಿದಂತೆ ಇಳಿಯುತ್ತಲೇ ಹೋಗುತ್ತದೆ. ರೀಚಾರ್ಜೆಬಲ್ ಮಾತ್ರ ಬಹುತೇಕ ಕೊನೆಯವರೆಗೂ 1.2ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಆದ್ದರಿಂದ ಹೆಚ್ಚಿನ ಉಪಕರಣಗಳಿಗೆ ಇದರಿಂದ ತೊಂದರೆಯಾಗದು.

ಹಾಗಾದರೆ ನಮ್ಮ ಬಿ.ಪಿ. ಯಂತ್ರ ಕೈಕೊಟ್ಟದ್ದೇಕೆ? ಹಳೆಯ ಮಾದರಿಯ ನಿಕ್ಕೆಲ್ ಸೆಲ್‌ಗಳು ಜಿನುಗುವ ಮಡಕೆಯಂತೆ. ನೀವು ಬಳಸಲಿ ಬಿಡಲಿ, ತುಂಬಿದ ಚಾರ್ಜ್ ದಿನದಿನಕ್ಕೂ ಇಳಿಯುತ್ತಿರುತ್ತದೆ. ಕೆಲವೇ ತಿಂಗಳಲ್ಲಿ ಬರಿದಾಗುತ್ತವೆ. 2005ರಲ್ಲಿ ಜಪಾನಿನ ಸಾನ್ಯೊ ಕಂಪೆನಿ ಎನೆಲೂಪ್ ಎಂಬ ಹೆಸರಿನಲ್ಲಿ ಈ ಜಿನುಗುವಿಕೆ ತೀರಾ ಕಡಿಮೆ ಇರುವ ಸೆಲ್‌ಗಳನ್ನು ಮಾರುಕಟ್ಟೆಗೆ ತಂದಿತು. ಈಗ ಹಲವು ಕಂಪೆನಿಗಳು ಅಂತಹದ್ದನ್ನು ತಯಾರಿಸುತ್ತವೆ. ಇವು ಒಂದು ವರ್ಷ ಸುಮ್ಮನಿದ್ದರೂ ಹೆಚ್ಚಿನ ಪಾಲು ಚಾರ್ಜನ್ನು ಉಳಿಸಿಕೊಳ್ಳುತ್ತವೆ. ಪೊಟ್ಟಣದ ಮೇಲೆ "ಲೋ ಸೆಲ್ಫ್ ಡಿಸ್ಚಾರ್ಜ್" ಅಥವಾ "ಪ್ರೀ ಚಾರ್ಜ್ಡ್" ಎಂದಿದೆಯೇ ನೋಡಿ ಕೊಳ್ಳಿ. ನಾನು ಅಗ್ಗಕ್ಕೆ ಸಿಕ್ಕಿತೆಂದು ತಂದದ್ದು ಹಳೆಯ ಮಾದರಿಯದ್ದಾಗಿತ್ತು.

ಲೆಕ್ಕ ಏನು ಹೇಳುತ್ತದೆ?

ಒಂದು ಉದಾಹರಣೆ ನೋಡೋಣ. ನಿಮ್ಮ ಮಗನ ಬಳಿ ನಾಲ್ಕು ಸೆಲ್‌ನಲ್ಲಿ ಓಡುವ ಕಾರು ಇದೆ ಎಂದಿಟ್ಟುಕೊಳ್ಳಿ. ಹದಿನೈದು ದಿನಕ್ಕೊಮ್ಮೆ ಸೆಲ್ ಬದಲಿಸಬೇಕು. ಒಂದು ಸೆಲ್‌ಗೆ 20 ರೂಪಾಯಿಯಾದರೆ ತಿಂಗಳಿಗೆ 160 ರೂಪಾಯಿ, ವರ್ಷಕ್ಕೆ 1,920 ರೂಪಾಯಿ. ಕಸದ ಬುಟ್ಟಿ ಸೇರುವ ಸೆಲ್‌ಗಳು 96.

ಇನ್ನು ರೀಚಾರ್ಜೆಬಲ್ ಸೆಲ್ ಒಂದಕ್ಕೆ 200 ರೂಪಾಯಿಯಂತೆ ನಾಲ್ಕಕ್ಕೆ 800, ಒಳ್ಳೆಯ ಚಾರ್ಜರ್‌ಗೆ 700. ಒಟ್ಟು 1,500 ರೂಪಾಯಿ. ಮೊದಲ ವರ್ಷ ಮುಗಿಯುವ ಮುನ್ನವೇ ಹಾಕಿದ ಹಣ ಹಿಂದಿರುಗಿತು. ಎರಡನೆಯ ವರ್ಷದಿಂದ ಸೆಲ್‌ಗೆ ಖರ್ಚೇ ಇಲ್ಲ. ವಿದ್ಯುತ್ ಬಿಲ್ ಏರುವುದಿಲ್ಲವೇ ಎಂದು ಕೇಳಬಹುದು. ನಾಲ್ಕು ಪೆನ್ಸಿಲ್ ಸೆಲ್‌ಗಳನ್ನು ಸುಮಾರು 50 ಸಲ ಚಾರ್ಜ್ ಮಾಡಿದರೆ ಖರ್ಚಾಗುವುದು ಒಂದು ಯೂನಿಟ್ ವಿದ್ಯುತ್ತು ಮಾತ್ರ. ನಿಮ್ಮ ಊರಿನ ಬೆಲೆ ಹಾಕಿ ನೀವೇ ಲೆಕ್ಕ ಮಾಡಿ ನೋಡಿ.

ಈಗ ಇದೇ ಲೆಕ್ಕವನ್ನು ಗೋಡೆ ಗಡಿಯಾರಕ್ಕೆ ಹಾಕೋಣ. ಗಡಿಯಾರಕ್ಕೆ ಬೇಕಾದದ್ದು ಒಂದೇ ಸೆಲ್. 20 ರೂಪಾಯಿಯ ಸೆಲ್ ವರ್ಷವಿಡೀ ನಡೆಸುತ್ತದೆ. ಅಲ್ಲಿ 200 ರೂಪಾಯಿಯ ಸೆಲ್ ಹಾಕಿದರೆ ಆ ಹಣ ಹಿಂದಿರುಗಲು ಹತ್ತು ವರ್ಷ ಬೇಕು. ಅಷ್ಟರಲ್ಲಿ ಆ ಸೆಲ್‌ಗೇ ಮುಪ್ಪು ಬಂದಿರುತ್ತದೆ! ಎಲ್ಲದಕ್ಕೂ ಒಂದೇ ಅಳತೆ ಹಿಡಿದ ನನ್ನ ತಪ್ಪು ಇದೇ ಆಗಿತ್ತು.

ಯಾವುದಕ್ಕೆ ಯಾವುದು?

ಮನೆಯ ಉಪಕರಣಗಳನ್ನು ಮೂರು ಗುಂಪು ಮಾಡಿಕೊಳ್ಳಿ.

ಮೊದಲನೆಯದು, ಸೆಲ್ಲನ್ನು ಗಟಗಟನೆ ಕುಡಿಯುವಂತಹವು. ಮೋಟಾರು ಇರುವ ಆಟಿಕೆಗಳು, ದಿನವೂ ಬಳಸುವ ಟಾರ್ಚ್, ಕಾರ್ಡ್‌ಲೆಸ್ ಮೈಕ್, ಹಳೆಯ ಡಿಜಿಟಲ್ ಕ್ಯಾಮರಾ. ಇವಕ್ಕೆ ರೀಚಾರ್ಜೆಬಲ್ಲೇ ಸರಿ. ತರಗತಿಯಲ್ಲಿ ನಾನು ಬಳಸುವ ಮೈಕ್‌ಗೆ ವಾರಕ್ಕೊಂದು ಜೊತೆ ಸೆಲ್ ಬೇಕಾಗುತ್ತಿತ್ತು. ಈಗ ಎರಡು ಜೊತೆ ರೀಚಾರ್ಜೆಬಲ್ ಇಟ್ಟುಕೊಂಡಿದ್ದೇನೆ. ಒಂದು ಮೈಕ್‌ನಲ್ಲಿ, ಇನ್ನೊಂದು ಚಾರ್ಜರ್‌ನಲ್ಲಿ.

ಎರಡನೆಯದು, ಗುಟುಕು ಗುಟುಕಾಗಿ ಕುಡಿಯುವಂತಹವು. ಗೋಡೆ ಗಡಿಯಾರ, ಸಹರಿಗೆ ಎಬ್ಬಿಸುವ ಅಲಾರಂ, ಟಿ.ವಿ. ಮತ್ತು ಎ.ಸಿ. ರಿಮೋಟ್, ಕ್ಷಣಮಾತ್ರ ಕಿಡಿ ಹಾರಿಸುವ ಗ್ಯಾಸ್ ಗೀಸರ್. ಇವಕ್ಕೆ ಬಿಸಾಡುವ ಸೆಲ್ ಸಾಕು. ಆದರೆ ವರ್ಷಕ್ಕೊಮ್ಮೆಯಾದರೂ ತೆರೆದು ಸೋರಿಲ್ಲವೇ ಎಂದು ನೋಡಿ.

ಮೂರನೆಯದು, ತುರ್ತಿಗಾಗಿ ಕಾದು ಕುಳಿತಿರುವಂತಹವು. ಬಿ.ಪಿ. ಯಂತ್ರ, ಸಕ್ಕರೆ ಪರೀಕ್ಷಿಸುವ ಯಂತ್ರ, ಕರೆಂಟ್ ಹೋದಾಗಷ್ಟೇ ಹುಡುಕುವ ಟಾರ್ಚ್. ತಿಂಗಳುಗಟ್ಟಲೆ ಸುಮ್ಮನಿದ್ದು ಒಂದೇ ಕ್ಷಣದಲ್ಲಿ ಕೆಲಸ ಮಾಡಬೇಕಾದವು ಇವು. ಇಲ್ಲಿ ಉಳಿತಾಯ ನೋಡಬೇಡಿ. ಯಂತ್ರದ ಕೈಪಿಡಿಯಲ್ಲಿ ಹೇಳಿದ ಸೆಲ್ಲನ್ನೇ ಹಾಕಿ. ಬಿ.ಪಿ. ಯಂತ್ರಗಳಿಗೆ ಸಾಮಾನ್ಯವಾಗಿ ಆಲ್ಕಲೈನ್ ಸೂಚಿಸಿರುತ್ತಾರೆ. ಜೊತೆಗೆ ಒಡೆಯದ ಒಂದು ಪೊಟ್ಟಣ ಅದೇ ಡಬ್ಬಿಯಲ್ಲಿರಲಿ.

ಇನ್ನು ನಮ್ಮ ಮನೆಮನೆಯಲ್ಲೂ ಇರುವ ಸೊಳ್ಳೆ ಬ್ಯಾಟ್. ಅದರೊಳಗೆ ಮೊದಲೇ ರೀಚಾರ್ಜೆಬಲ್ ಬ್ಯಾಟರಿ ಕೂಡಿಸಿರುತ್ತಾರೆ. ಅನೇಕ ಬ್ಯಾಟ್‌ಗಳಲ್ಲಿ ಅದು ಸೀಸದ್ದು. ಕೆಟ್ಟರೆ ಇಡೀ ಬ್ಯಾಟನ್ನೇ ಬಿಸಾಡುತ್ತೇವೆ. ಬದಲಿಗೆ ರಿಪೇರಿಯವರಲ್ಲಿ ಕೇಳಿ. ಒಳಗಿನ ಬ್ಯಾಟರಿ ಮಾತ್ರ ಬದಲಿಸಿಕೊಡುವವರಿದ್ದಾರೆ.

ಚಾರ್ಜರ್ ಬಗ್ಗೆ ಎರಡು ಮಾತು

ಒಳ್ಳೆಯ ಸೆಲ್ ತಂದು ಕಳಪೆ ಚಾರ್ಜರ್‌ಗೆ ಹಾಕಿದರೆ ಸೆಲ್‌ನ ಆಯಸ್ಸು ಕುಗ್ಗುತ್ತದೆ. ಪ್ರತಿಯೊಂದು ಸೆಲ್ಲನ್ನೂ ಬೇರೆ ಬೇರೆಯಾಗಿ ಗಮನಿಸಿ, ತುಂಬಿದೊಡನೆ ತಾನಾಗಿ ನಿಲ್ಲಿಸುವ ಚಾರ್ಜರ್ ಕೊಳ್ಳಿ. ಒಂದು ಉಪಕರಣದಲ್ಲಿ ಹೊಸದು ಹಳೆಯದನ್ನು ಬೆರೆಸಬೇಡಿ. ದುರ್ಬಲ ಸೆಲ್ ಮೊದಲು ಬರಿದಾಗಿ, ಉಳಿದವುಗಳ ಒತ್ತಡಕ್ಕೆ ಸಿಲುಕಿ ಕೆಡುತ್ತದೆ. ನಾನು ಪ್ರತಿ ಜೊತೆಯ ಮೇಲೂ ಮಾರ್ಕರ್‌ನಿಂದ ಒಂದೇ ಅಂಕಿ ಬರೆದಿದ್ದೇನೆ. ಮಕ್ಕಳೂ ತಪ್ಪದೆ ಜೊತೆ ಸೇರಿಸುತ್ತಾರೆ.

ಈಚೆಗೆ ಮೊಬೈಲ್ ಚಾರ್ಜರ್ ವಯರ್ ಚುಚ್ಚಿ ಚಾರ್ಜ್ ಮಾಡುವ 1.5 ವೋಲ್ಟ್‌ನ ಲಿಥಿಯಂ ಪೆನ್ಸಿಲ್ ಸೆಲ್‌ಗಳೂ ಬಂದಿವೆ. ಇವನ್ನು ನಿಕ್ಕೆಲ್ ಸೆಲ್‌ನ ಚಾರ್ಜರ್‌ಗೆ ಹಾಕಬಾರದು. ಅದೇ ಗಾತ್ರದಲ್ಲಿ 3.7 ವೋಲ್ಟ್‌ನ ಲಿಥಿಯಂ ಸೆಲ್ ಕೂಡ ಸಿಗುತ್ತದೆ. ಅದನ್ನು ಗೊತ್ತಿಲ್ಲದೆ ಆಟಿಕೆಗೋ ಗಡಿಯಾರಕ್ಕೋ ಹಾಕಿದರೆ ಉಪಕರಣ ಸುಟ್ಟುಹೋದೀತು. ಆದ್ದರಿಂದ ಗಾತ್ರ ನೋಡಿ ಕೊಳ್ಳಬೇಡಿ, ವೋಲ್ಟ್ ಓದಿ ಕೊಳ್ಳಿ.

ತಾಯಂದಿರೇ, ಬಟನ್ ಸೆಲ್ ಬಗ್ಗೆ ಎಚ್ಚರ

ಸಣ್ಣ ರಿಮೋಟ್, ತೂಕದ ಯಂತ್ರ, ಕಾರಿನ ಕೀಲಿ, ಜ್ವರ ನೋಡುವ ಡಿಜಿಟಲ್ ಕಡ್ಡಿ, ಬೆರಳಿಗೆ ತೊಡುವ ತಸ್ಬೀಹ್ ಕೌಂಟರ್ ಇವುಗಳಲ್ಲಿ ನಾಣ್ಯದಂತಹ ಸೆಲ್ ಇರುತ್ತದೆ. ಅವುಗಳಲ್ಲಿ ಸಾಮಾನ್ಯವಾದದ್ದು ಸಿಆರ್ 2032. ಹೆಸರಿನಲ್ಲೇ ಅಳತೆ ಇದೆ. ಅಗಲ 20 ಮಿಲಿಮೀಟರ್, ದಪ್ಪ 3.2 ಮಿಲಿಮೀಟರ್. ಇದನ್ನು ಚಾರ್ಜ್ ಮಾಡಲಾಗದು. ಇದೇ ಗಾತ್ರದ ರೀಚಾರ್ಜೆಬಲ್ ಸಿಕ್ಕಿದರೂ ಅದರ ವೋಲ್ಟ್ ಹೆಚ್ಚು. ಇದರ ಬದಲಿಗೆ ಅದನ್ನು ಹಾಕುವಂತಿಲ್ಲ.

ಪುಟ್ಟ ಮಗು ಇದನ್ನು ನುಂಗಿ ಅನ್ನನಾಳದಲ್ಲಿ ಸಿಲುಕಿಕೊಂಡರೆ, ಎರಡೇ ಗಂಟೆಯೊಳಗೆ ಒಳಗೆ ತೀವ್ರ ಸುಟ್ಟ ಗಾಯವಾಗಬಹುದು. ಸೆಲ್‌ನ ವಿದ್ಯುತ್ತು ಒದ್ದೆಯಾದ ಮಾಂಸದ ಮೂಲಕ ಹರಿದು ಅಲ್ಲಿ ತೀಕ್ಷ್ಣ ಕ್ಷಾರ ಉಂಟಾಗುತ್ತದೆ. ರಿಮೋಟ್ ನಡೆಸಲಾಗದ "ಮುಗಿದ" ಸೆಲ್‌ನಲ್ಲೂ ಇಷ್ಟು ಅಪಾಯ ಮಾಡುವ ಶಕ್ತಿ ಉಳಿದಿರುತ್ತದೆ. ಆದ್ದರಿಂದ ಬದಲಿಸಿದ ಕೂಡಲೇ ಹಳೆಯದರ ಎರಡೂ ಬದಿಗೆ ಟೇಪ್ ಅಂಟಿಸಿ ಮಕ್ಕಳ ಕೈಗೆಟುಕದ ಕಡೆ ಇಡಿ. ಮುಚ್ಚಳಕ್ಕೆ ಸ್ಕ್ರೂ ಇಲ್ಲದ ಅಗ್ಗದ ಆಟಿಕೆಗಳನ್ನು ಮನೆಗೆ ತರಬೇಡಿ. ನುಂಗಿರಬಹುದೆಂಬ ಸಂಶಯ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ, ಬೆಳಗಾಗಲಿ ಎಂದು ಕಾಯದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ಓಡಿ.

ಮುಗಿದ ಸೆಲ್ ಎಲ್ಲಿಗೆ?

ಹಿತ್ತಿಲ ಕಸದೊಂದಿಗೆ ಸೆಲ್ಲನ್ನು ಸುಡುವುದು, ಬಾವಿಯ ಬಳಿ ಎಸೆಯುವುದು ನಮ್ಮಲ್ಲಿ ಇನ್ನೂ ನಿಂತಿಲ್ಲ. ಬೆಂಕಿಗೆ ಬಿದ್ದ ಸೆಲ್ ಸಿಡಿಯುತ್ತದೆ. ಒಳಗಿನ ಲೋಹಗಳು ಮಣ್ಣಿಗೂ ನೀರಿಗೂ ಸೇರುತ್ತವೆ. ಹಳೆಯ ರೀಚಾರ್ಜೆಬಲ್ ಸೆಲ್‌ಗಳಲ್ಲಿ ಕ್ಯಾಡ್ಮಿಯಂ ಎಂಬ ವಿಷಕಾರಿ ಲೋಹವೂ ಇರುತ್ತಿತ್ತು. 2022ರಲ್ಲಿ ಕೇಂದ್ರ ಸರಕಾರ ಹೊರಡಿಸಿದ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಸಣ್ಣ ಸೆಲ್‌ಗಳನ್ನೂ ಒಳಗೊಂಡಿವೆ. ಮುಗಿದ ಬ್ಯಾಟರಿಗಳನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆಯನ್ನು ಅವು ತಯಾರಕರ ಮೇಲೆ ಹೊರಿಸಿವೆ. ಅವನ್ನು ಬೇರೆ ಕಸದೊಂದಿಗೆ ಬೆರೆಸದೆ ಪ್ರತ್ಯೇಕವಾಗಿ ಕೊಡುವ ಹೊಣೆ ನಮ್ಮದು. ಪೊಟ್ಟಣದ ಮೇಲೆ ಅಡ್ಡಗೆರೆ ಹೊಡೆದ ಕಸದ ತೊಟ್ಟಿಯ ಚಿತ್ರ ಕಂಡರೆ ಅದರ ಅರ್ಥ ಇದೇ.

ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಗಿದ ಸೆಲ್‌ಗಳನ್ನು ಕೂಡಿಡಿ. ಇಲೆಕ್ಟ್ರಾನಿಕ್ ತ್ಯಾಜ್ಯ ಪಡೆಯುವವರು ನಿಮ್ಮ ಪಟ್ಟಣದಲ್ಲಿ ಯಾರಿದ್ದಾರೆಂದು ಪುರಸಭೆ ಅಥವಾ ಪಂಚಾಯತಿಯಲ್ಲಿ ವಿಚಾರಿಸಿ. ನಾಲ್ಕೈದು ಮಂದಿ ಗೃಹಿಣಿಯರು ಸೇರಿ ಕೇಳಿದರೆ ಇನ್ನೂ ಒಳ್ಳೆಯದು.

ಈಗ ನಮ್ಮ ಮನೆಯಲ್ಲಿ ಗಡಿಯಾರಕ್ಕೆ ಮತ್ತೆ 20 ರೂಪಾಯಿಯ ಸೆಲ್ ಬಂದಿದೆ. ಮಗನ ಕಾರು, ನನ್ನ ಮೈಕ್ ಎರಡೂ ರೀಚಾರ್ಜೆಬಲ್‌ನಲ್ಲೇ ನಡೆಯುತ್ತಿವೆ. ಬಿ.ಪಿ. ಯಂತ್ರದ ಡಬ್ಬಿಯಲ್ಲಿ ಆಲ್ಕಲೈನ್ ಸೆಲ್‌ನ ಒಡೆಯದ ಪೊಟ್ಟಣವಿದೆ. ಪ್ರತಿ ತಿಂಗಳ ಮೊದಲ ಶುಕ್ರವಾರ ಉಮ್ಮನೇ ನೆನಪಿಸುತ್ತಾರೆ: "ಒಮ್ಮೆ ಒತ್ತಿ ನೋಡು ಮಗಳೇ, ಬೆಳಕು ಬರುತ್ತದಾ?"

ಇಂದು ಈ ಪುಟ ಮುಗಿಸಿ ಏಳುವಾಗ ನೀವೂ ನಿಮ್ಮ ಮನೆಯ ಬಿ.ಪಿ. ಯಂತ್ರದ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ.