ಕೋಳಿ ಜುಟ್ಟಿಗೆ ಹಿಟ್ಟು ಮೆತ್ತಿದವರು ಯಾರು?



ನಮ್ಮೂರಾಗ ಕೋಳಿ ಇಲ್ಲದ ಓಣಿ ಇಲ್ಲ. ಕೋಳಿ ತೂಕಡಿಸಿದರೆ, ಕಾಳು ಬಿಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಆದರೆ ಕೋಳಿಯ ಚರ್ಮಕ್ಕೂ ರೋಗ ಬರುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಿಲ್ಲ. ನಮಗೆ ಗಜಕರ್ಣ ಆಗುವ ಹಾಗೆ ಕೋಳಿಗೂ ಆಗುತ್ತದೆ. ಎರಡಕ್ಕೂ ಕಾರಣ ಶಿಲೀಂಧ್ರ.

ಶಿಲೀಂಧ್ರ ಎಂದರೇನು?

ಮಳೆಗಾಲದಾಗ ಹಳೆ ರೊಟ್ಟಿ ಮ್ಯಾಲ ಬೂರಸು ಬರ್ತದಲ್ಲ, ಅದು ಶಿಲೀಂಧ್ರ. ತಿಪ್ಪೆ ಹತ್ತಿರ ಏಳುವ ನಾಯಿಕೊಡೆಯೂ ಶಿಲೀಂಧ್ರ. ಇವು ಸಸ್ಯವೂ ಅಲ್ಲ, ಪ್ರಾಣಿಯೂ ಅಲ್ಲ. ಇವುಗಳಲ್ಲಿ ಪತ್ರಹರಿತ್ತು ಇಲ್ಲ. ಆದ್ದರಿಂದ ಬಿಸಿಲಿನಿಂದ ಆಹಾರ ಮಾಡಿಕೊಳ್ಳಲು ಇವುಗಳಿಗೆ ಬರುವುದಿಲ್ಲ. ಬೇರೆ ವಸ್ತುವಿನ ಮೇಲೆ ಬೆಳೆದು ಅದನ್ನೇ ತಿನ್ನುತ್ತವೆ.

ಕೆಲವು ಶಿಲೀಂಧ್ರಗಳಿಗೆ ಕೆರಾಟಿನ್ ಎಂಬ ಪ್ರೋಟೀನೇ ಊಟ. ನಮ್ಮ ಕೂದಲು, ಉಗುರು, ದನದ ಕೊಂಬು, ಕೋಳಿಯ ಪುಕ್ಕ ಮತ್ತು ಕೊಕ್ಕು, ಚರ್ಮದ ಮೇಲಿನ ಸತ್ತ ಪದರ, ಇವೆಲ್ಲವುಗಳಲ್ಲಿ ಕೆರಾಟಿನ್ ಇದೆ. ಇದು ಬಹಳ ಗಟ್ಟಿ. ನಮಗೆ ಪುಕ್ಕ ತಿಂದರೆ ಜೀರ್ಣ ಆಗೋದಿಲ್ಲ. ಆದರೆ ಈ ಶಿಲೀಂಧ್ರಗಳು ಒಂದು ರಸ ಬಿಟ್ಟು ಅದನ್ನು ಕರಗಿಸಿ ಹೀರುತ್ತವೆ. ತಿಪ್ಪೆಯಲ್ಲಿ ಬಿದ್ದ ಪುಕ್ಕ ಮಣ್ಣಾಗಲು ಇಂಥ ಜೀವಿಗಳೇ ಸಹಾಯ ಮಾಡುತ್ತವೆ. ಅಂದಮೇಲೆ ಎಲ್ಲ ಶಿಲೀಂಧ್ರಗಳೂ ವೈರಿಗಳಲ್ಲ. ಬದುಕಿರುವ ಕೋಳಿಯ ಚರ್ಮದ ಮೇಲೆ ಬೆಳೆದಾಗ ಮಾತ್ರ ತ್ರಾಸು.

ರೋಗ ಹೇಗೆ ಕಾಣುತ್ತದೆ?

ಈ ರೋಗಕ್ಕೆ ಫೇವಸ್ ಎಂದು ಹೆಸರು. ಫ್ರಾನ್ಸ್ ದೇಶದ ಮೆನ್ಯಾನ್ ಎಂಬ ಪಶುವೈದ್ಯರು 1881ರಲ್ಲಿ ಕೋಳಿಯ ಈ ಶಿಲೀಂಧ್ರಕ್ಕೆ ಹೆಸರಿಟ್ಟರು. ಬಹಳ ವರ್ಷ ಇದನ್ನು ಮೈಕ್ರೋಸ್ಪೋರಮ್ ಗ್ಯಾಲಿನೇ ಎಂದು ಕರೆದರು. 2017ರಿಂದ ವಿಜ್ಞಾನಿಗಳು ಲೋಫೋಫೈಟಾನ್ ಗ್ಯಾಲಿನೇ ಎನ್ನುತ್ತಾರೆ. ಟರ್ಕಿ ಕೋಳಿಯಂಥ ಬೇರೆ ಹಕ್ಕಿಗಳಿಗೂ ಇದು ತಗಲುತ್ತದೆ.

ಮೊದಲು ಕೆಂಪು ಜುಟ್ಟಿನ ಮೇಲೆ, ಗಲ್ಲದ ಕೆಳಗೆ ಜೋತಾಡುವ ತೊಗಲಿನ ಮೇಲೆ ಬಿಳಿ ಚುಕ್ಕೆ ಬರುತ್ತವೆ. ಆಮೇಲೆ ಜ್ವಾರಿ ಹಿಟ್ಟು ಉದುರಿಸಿದಂಗ ಕಾಣುತ್ತದೆ. ಬಿಟ್ಟರೆ ಆ ಹಿಟ್ಟು ದಪ್ಪ ಹೆಕ್ಕಳಿಕೆ ಆಗುತ್ತದೆ. ಕೆಲವು ಸಲ ಕುತ್ತಿಗೆಗೂ ಹಬ್ಬಿ ಪುಕ್ಕ ಉದುರುತ್ತದೆ.

ಸ್ಟೇಶನ್ ಬಜಾರದ ಹುಂಜ

ಕಲಬುರಗಿಯ ಸ್ಟೇಶನ್ ಬಜಾರದಲ್ಲಿ ನಮ್ಮ ಮಾಮನ ಮನಿ ಅದ. ಅಲ್ಲಿ ಹಿತ್ತಲಾಗ ಆರು ಕೋಳಿ, ಒಂದು ಹುಂಜ ಸಾಕ್ಯಾರ. ಹುಂಜದ ಜುಟ್ಟು ಬೆಳ್ಳಗಾಯಿತು. ಅದೇ ಹೊತ್ತಿಗೆ ಮಾಮನ ಸಣ್ಣ ಮಗಳ ಕೈಮೇಲೆ ಗುಂಡಗೆ ಗಜಕರ್ಣ ಎದ್ದಿತು. ಮಗ್ಗಲ ಮನಿಯವರು "ಹುಂಜದಿಂದನೇ ಬಂದದ, ಇವತ್ತೇ ಕೊಯ್ದುಬಿಡ್ರಿ" ಅಂದರು. ಒಬ್ಬರು ಜುಟ್ಟಿಗೆ ಸೀಮೆಎಣ್ಣೆ ಹಚ್ಚಿರಿ ಅಂದರು. ಆಯಿ ದೃಷ್ಟಿ ತೆಗೆದಳು. ಮಾಮ ಮಾತ್ರ ಹುಂಜವನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ದನದ ದವಾಖಾನಿಗೆ ಒಯ್ದ. ನಾನೂ ಹೋಗಿದ್ದೆ.

ಡಾಕ್ಟರು ಬಿಳಿ ಹೊಟ್ಟನ್ನು ಮೆಲ್ಲಗೆ ಕೆರೆದು ಗಾಜಿನ ಮೇಲೆ ಹಾಕಿದರು. ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿ ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಆ ದ್ರಾವಣ ಚರ್ಮದ ಚೂರನ್ನು ಕರಗಿಸುತ್ತದೆ, ಶಿಲೀಂಧ್ರದ ಎಳೆಗಳು ಉಳಿಯುತ್ತವೆ. ನಮಗೂ ತೋರಿಸಿದರು. ಕವಲೊಡೆದ ದಾರದ ಹಾಗೆ ಇದ್ದವು. ಯಾವ ಜಾತಿ ಎಂದು ತಿಳಿಯಬೇಕಾದರೆ ಪ್ರಯೋಗಶಾಲೆಯಲ್ಲಿ ಬೆಳೆಸಬೇಕು, ವಾರಗಟ್ಟಲೆ ಕಾಯಬೇಕು ಎಂದರು. ಕೋಳಿಯ ಶಿಲೀಂಧ್ರವಾದರೆ ಅದು ಬೆಳೆಯುವಾಗ ಕೆಂಪು ಬಣ್ಣ ಬಿಡುತ್ತದಂತೆ.

ಮಾಮನ ಮಗಳ ಬಗ್ಗೆ ಕೇಳಿದ್ದಕ್ಕೆ ಅವರು ಹೇಳಿದ್ದು: "ಕೋಳಿಯಿಂದ ಮನುಷ್ಯರಿಗೆ ಬರುವುದು ಅಪರೂಪ. ಮನುಷ್ಯರಿಂದ, ಬೆಕ್ಕು, ನಾಯಿ, ಕರುವಿನಿಂದ ಬರೋದೇ ಹೆಚ್ಚು. ಕೂಸಿನ ಕೈ ಚರ್ಮದ ಡಾಕ್ಟರಿಗೆ ತೋರಿಸ್ರಿ. ಹುಂಜದ ಮ್ಯಾಲ ಸುಮ್ಮ ಸುಮ್ಮನೆ ತಪ್ಪು ಹೊರಿಸಬ್ಯಾಡ್ರಿ." ಮುಲಾಮು ಕೊಟ್ಟರು. ತಿಂಗಳಾದ ಮೇಲೆ ಜುಟ್ಟು ಮತ್ತೆ ಕೆಂಪಾಯಿತು. ಹುಂಜ ಬದುಕಿತು.

ಎಲ್ಲ ಕಲೆಯೂ ಶಿಲೀಂಧ್ರವಲ್ಲ

1. ಬೂದಿ, ಧೂಳು: ಕೋಳಿ ಬೂದಿಯಲ್ಲಿ ಹೊರಳಾಡುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿದರೆ ಬಿಳಿ ಹೋಗುತ್ತದೆ.

2. ಕೋಳಿ ಸಿಡುಬು: ಜುಟ್ಟಿನ ಮೇಲೆ ಗಂಟು ಎದ್ದು ಕಪ್ಪು ಹೆಕ್ಕಳಿಕೆ ಆಗುತ್ತದೆ. ಇದು ವೈರಸ್. ಸೊಳ್ಳೆಯೂ ಹರಡುತ್ತದೆ. ಇದಕ್ಕೆ ಲಸಿಕೆ ಇದೆ.

3. ಕಾಲಿನ ನುಸಿ: ಕಾಲಿನ ಹುರುಪೆ ಮೇಲೆದ್ದು ಕಾಲು ದಪ್ಪಗೆ ಕಾಣುತ್ತದೆ. ಇದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿಯ ಕೆಲಸ.

4. ಪುಕ್ಕ ಬದಲಿಸುವುದು: ವರ್ಷಕ್ಕೊಮ್ಮೆ ಹಳೆ ಪುಕ್ಕ ಉದುರಿ ಹೊಸದು ಬರುತ್ತದೆ. ಇದು ರೋಗವೇ ಅಲ್ಲ.

ನಾವು ಏನು ಮಾಡಬೇಕು?

ರೋಗದ ಕೋಳಿಯನ್ನು ಬೇರೆ ಬುಟ್ಟಿಯಲ್ಲಿ ಇಡಬೇಕು. ಹೆಕ್ಕಳಿಕೆ ಕಿತ್ತು ತೆಗೆಯಬಾರದು, ರಕ್ತ ಬಂದು ಗಾಯವಾಗುತ್ತದೆ. ಸೀಮೆಎಣ್ಣೆ, ಬ್ಯಾಟರಿ ನೀರು ಹಚ್ಚಲೇಬಾರದು, ಜುಟ್ಟು ಸುಡುತ್ತದೆ, ಕಣ್ಣೂ ಹೋಗಬಹುದು. ಉದುರಿದ ಹೊಟ್ಟಿನಲ್ಲಿ ಶಿಲೀಂಧ್ರದ ಬೀಜಕಣ ಬಹಳ ದಿನ ಬದುಕುತ್ತವೆ. ಅದಕ್ಕೇ ಗೂಡು ಗುಡಿಸಿ, ಕಸ ಸುಟ್ಟು, ಸುಣ್ಣ ಬಳಿದು, ಒಣಗಿದ ಮೇಲೆ ಕೋಳಿ ಬಿಡಬೇಕು. ಗೂಡಿಗೆ ಗಾಳಿ ಬೆಳಕು ಬೇಕು. ಕೋಳಿ ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಬೇಕು.

ನಮಗೆ ಗಜಕರ್ಣ ಆದರೆ ಅಂಗಡಿಯಲ್ಲಿ ಕೇಳಿ ತಂದ ಮುಲಾಮು ಹಚ್ಚಬಾರದು. ಕೆಲವದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲು ತುರಿಕೆ ಕಡಿಮೆಯಾಗುತ್ತದೆ, ಆಮೇಲೆ ರೋಗ ಇನ್ನೂ ಹಬ್ಬುತ್ತದೆ.

ನಿಮಗೆ ಗೊತ್ತೆ?

ಗಜಕರ್ಣಕ್ಕೆ ಕೊಡುವ ಗ್ರಿಸಿಯೋಫಲ್ವಿನ್ ಎಂಬ ಔಷಧಿ 1939ರಲ್ಲಿ ಸಿಕ್ಕಿತು. ಸಿಕ್ಕಿದ್ದು ಎಲ್ಲಿ? ಇನ್ನೊಂದು ಶಿಲೀಂಧ್ರದಲ್ಲಿ! ಮುಳ್ಳನ್ನು ಮುಳ್ಳಿನಿಂದಲೇ ತೆಗೆದ ಹಾಗೆ.

ಇಂದು ಸಂಜೆ ಮನಿಗೆ ಹೋದ ಮೇಲೆ ನಿಮ್ಮ ಕೋಳಿಗಳ ಜುಟ್ಟು ಒಮ್ಮೆ ನೋಡಿರಿ. ಕೆಂಪಗಿದ್ದರೆ ಸಂತೋಷ. ಬೆಳ್ಳಗಿದ್ದರೆ ಕೊಯ್ಯಲಿಕ್ಕೆ ಅವಸರ ಮಾಡಬ್ಯಾಡ್ರಿ, ದನದ ದವಾಖಾನಿಗೆ ಒಯ್ಯಿರಿ.

— ಏಳನೇ ತರಗತಿ ವಿದ್ಯಾರ್ಥಿನಿ